ಶ್ರಾವಕನ ನಿತ್ಯಜೀವನದಲ್ಲಿ ಅಹಿಂಸೆ ಮತ್ತು ಅನೇಕಾಂತ

(ಬಸದಿಯ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

  

ಧರ್ಮಬಂಧುಗಳೇ,

ಶಿಲ್ಪಿಯು ಕಡೆದ ಕಲ್ಲು ಗರ್ಭ, ಜನ್ಮ, ದೀಕ್ಷೆ, ಕೇವಲಜ್ಞಾನ, ನಿರ್ವಾಣ ಎಂಬ ಪಂಚಕಲ್ಯಾಣಗಳ ವಿಧಿಯಿಂದ ಪೂಜ್ಯವಾದ ಜಿನಬಿಂಬವಾಗುತ್ತದೆ. ಬಿಂಬದ ಪ್ರತಿಷ್ಠೆ ಕೆಲವು ದಿನಗಳಲ್ಲಿ ಸಾಂಗವಾಗಿ ಮುಗಿಯುತ್ತದೆ. ಆ ಬಿಂಬದ ಎದುರಿಗೆ ನಿತ್ಯವೂ ಕೈಮುಗಿದು ನಿಲ್ಲುವ ಶ್ರಾವಕನ ಅಂತರಂಗದಲ್ಲಿ ನಡೆಯಬೇಕಾದ ಪ್ರತಿಷ್ಠೆಗೆ ಮಾತ್ರ ಇಡೀ ಆಯುಷ್ಯವೇ ಬೇಕಾಗುತ್ತದೆ. ಬಸದಿಯ ಹೊಸ್ತಿಲನ್ನು ದಾಟಿ ಹೊರಗೆ ಬಂದ ಮೇಲೆ ಮನೆ, ಹೊಲ, ಅಂಗಡಿ, ಪಂಚರ ಸಭೆ ಇವುಗಳಲ್ಲಿ ಶ್ರಾವಕನು ಹೇಗೆ ನಡೆದುಕೊಳ್ಳುತ್ತಾನೆ ಎಂಬುದೇ ಅದರ ಪರೀಕ್ಷೆ. ಈ ಪರೀಕ್ಷೆಯ ಎರಡು ವಿಷಯಗಳು ಅಹಿಂಸೆ ಮತ್ತು ಅನೇಕಾಂತ. ಇವು ಬೇರೆ ಬೇರೆ ಎಂದು ತೋರಿದರೂ ಮೂಲದಲ್ಲಿ ಒಂದೇ. ದೇಹದಿಂದ ಇನ್ನೊಂದು ಜೀವವನ್ನು ನೋಯಿಸದಿರುವುದು ಅಹಿಂಸೆಯಾದರೆ, ಬುದ್ಧಿಯಿಂದ ಇನ್ನೊಬ್ಬನ ನೋಟವನ್ನು ನೋಯಿಸದಿರುವುದು ಅನೇಕಾಂತ. ಮೊದಲನೆಯದನ್ನು ಪಾಲಿಸಿ ಎರಡನೆಯದನ್ನು ಬಿಟ್ಟವನ ಧರ್ಮ ಅರ್ಧದಷ್ಟೇ ಆಯಿತು.

ಈ ಮಾತನ್ನಾಡಲು ತಡಸದಂತಹ ಊರು ಬಹಳ ಯೋಗ್ಯವಾದ ಸ್ಥಳ. ಹುಬ್ಬಳ್ಳಿಯಿಂದ ಮುಂಡಗೋಡದ ಕಡೆಗೆ ಹೋಗುವ ಹಾದಿಯಲ್ಲಿ, ಪೂರ್ವದ ಕರಿಮಣ್ಣಿನ ಬಯಲು ಪಶ್ಚಿಮದ ಮಲೆನಾಡಿನ ಸೆರಗನ್ನು ಮುಟ್ಟುವ ಕಡೆ ಈ ಊರಿದೆ. ಗಾಯತ್ರಿ ತಪೋಭೂಮಿ ಇಲ್ಲಿಯೇ ಇದೆ. ಹಾದಿಯ ಆ ತುದಿಯ ಮುಂಡಗೋಡದಲ್ಲಿ 1966ರಿಂದ ಟಿಬೆಟ್ಟಿನ ನಿರಾಶ್ರಿತರು ತಮ್ಮ ವಿಹಾರಗಳನ್ನು ಕಟ್ಟಿಕೊಂಡು ಬಾಳುತ್ತಿದ್ದಾರೆ. ಇದೇ ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಕನಕದಾಸರು ಜನಿಸಿದರು. ಇದೇ ತಾಲ್ಲೂಕಿನ ಶಿಶುವಿನಹಾಳದಲ್ಲಿ 1819ರಲ್ಲಿ ಸಂತ ಶರೀಫರು ಜನಿಸಿದರು. ಮುಸಲ್ಮಾನ ಮನೆತನದ ಶರೀಫರು ಬ್ರಾಹ್ಮಣರಾದ ಕಳಸದ ಗೋವಿಂದಭಟ್ಟರನ್ನು ಗುರುಗಳನ್ನಾಗಿ ಪಡೆದುದು, ಆ ಗುರುಗಳು ಊರವರ ಆಕ್ಷೇಪಣೆಗೆ ಅಂಜದೆ ಶಿಷ್ಯನನ್ನು ಬಳಿಗೆ ಕರೆದುಕೊಂಡುದು ಈ ಭಾಗದ ಮನೆಮನೆಗೂ ತಿಳಿದ ಸಂಗತಿ. ಅನೇಕಾಂತದ ಶಾಸ್ತ್ರವನ್ನು ಓದದವರೂ ಅದನ್ನು ಬದುಕಿ ತೋರಿಸಿದ ನೆಲವಿದು.

ಜೈನ ಸಮಾಜಕ್ಕಂತೂ ಈ ನೆಲ ತೀರ್ಥಸಮಾನವಾದುದು. ಸಮೀಪದ ಬಂಕಾಪುರವು ರಾಷ್ಟ್ರಕೂಟರ ಸಾಮಂತನಾದ ಬಂಕೇಯನ ಹೆಸರನ್ನು ಹೊತ್ತ ಊರು. ಜಿನಸೇನಾಚಾರ್ಯರು ಅಪೂರ್ಣವಾಗಿ ಬಿಟ್ಟುಹೋದ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಮುಂದುವರಿಸಿದರು. ಅವರ ಉತ್ತರಪುರಾಣವು ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿಗೆ, ಬಂಕೇಯನ ಮಗ ಲೋಕಾದಿತ್ಯನ ಆಳಿಕೆಯ ಬಂಕಾಪುರದಲ್ಲಿ ಪೂಜೆಗೊಂಡಿತು. ಮುಂದೆ ಅದೇ ಬಂಕಾಪುರ ಅಜಿತಸೇನಾಚಾರ್ಯರ ವಿದ್ಯಾಪೀಠವಾಯಿತು. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನೂ, ಮುಧೋಳದ ಬಳೆಗಾರ ಮನೆತನದಿಂದ ಬಂದು ಕವಿಚಕ್ರವರ್ತಿಯಾದ ರನ್ನನೂ ಆ ಆಚಾರ್ಯರ ಶಿಷ್ಯರೇ. ಅನೇಕ ಯುದ್ಧಗಳಲ್ಲಿ ಗೆದ್ದ ಗಂಗರ ದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರಕ್ಕೆ ಬಂದು, ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ 974ರ ಸುಮಾರಿಗೆ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಸಾರುತ್ತದೆ. ಕೈಯಲ್ಲಿ ಖಡ್ಗ ಹಿಡಿದು ಬಾಳಿದವನೂ ಕೊನೆಗೆ ಅಹಿಂಸೆಯ ಬಾಗಿಲನ್ನೇ ತಟ್ಟಿದನು. ಆ ಬಾಗಿಲು ತಡಸದಿಂದ ಕೆಲವೇ ಹರದಾರಿಯ ಅಂತರದಲ್ಲಿತ್ತು ಎಂಬುದನ್ನು ಇಲ್ಲಿಯ ಮಕ್ಕಳು ತಿಳಿದಿರಬೇಕು.

ಇನ್ನು ಅಹಿಂಸೆ ಎಂದರೇನು? ಜೀವವು ಸಾಯುವುದಷ್ಟೇ ಹಿಂಸೆಯಲ್ಲ. ಉಮಾಸ್ವಾಮಿಗಳು ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನು, ಎಂದರೆ ಕಷಾಯದಿಂದ ಕೂಡಿದ ಎಚ್ಚರಗೇಡಿತನವನ್ನು, ಮೊದಲಿಗೆ ಇಡುತ್ತಾರೆ. ಪ್ರಾಣಕ್ಕೆ ಒದಗುವ ಕೇಡು ಆಮೇಲೆ ಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳು ಮನಸ್ಸಿನಲ್ಲಿ ಎದ್ದ ಕ್ಷಣದಲ್ಲಿಯೇ ಆತ್ಮನು ತನ್ನನ್ನು ತಾನು ಘಾತಿಸಿಕೊಂಡನು. ಎದುರಿನವನಿಗೆ ಪೆಟ್ಟು ಬೀಳುವುದು ಬಿಡುವುದು ನಂತರದ ಮಾತು.

ಇದಕ್ಕೆ ಯಶೋಧರನ ಕಥೆಗಿಂತ ದೊಡ್ಡ ದೃಷ್ಟಾಂತ ಬೇಕಾಗಿಲ್ಲ. ಸೋಮದೇವಸೂರಿಗಳು ಸಂಸ್ಕೃತದಲ್ಲಿ ಯಶಸ್ತಿಲಕವಾಗಿ ವಿಸ್ತರಿಸಿದ ಈ ಕಥೆಯನ್ನು ಜನ್ನಕವಿ 1209ರಲ್ಲಿ ಕನ್ನಡಕ್ಕೆ ತಂದನು. ಯಶೋಧರನು ಜೀವಂತ ಕೋಳಿಯನ್ನು ಕೊಲ್ಲಲಿಲ್ಲ. ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನಿಂದ ಮಾಡಿದ ಕೋಳಿಯನ್ನು ದೇವಿಗೆ ಬಲಿಕೊಟ್ಟನು. ಅಷ್ಟಕ್ಕೇ ತಾಯಿಯೂ ಮಗನೂ ನವಿಲಾಗಿ, ನಾಯಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಜನ್ಮಜನ್ಮಾಂತರದಲ್ಲಿ ತೊಳಲಿದರು. ಹಿಟ್ಟಿಗೆ ಪ್ರಾಣವಿರಲಿಲ್ಲ, ಆದರೆ ಕತ್ತಿಯನ್ನೆತ್ತಿದ ಕೈಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು. ಈ ಕಥೆಯನ್ನು ಕೇಳಿ ಕಣ್ಣೊರಸಿಕೊಳ್ಳುವ ಶ್ರಾವಕನು ಒಂದು ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳಬೇಕು. ನೆರೆಯವನ ಅಂಗಡಿ ಮುಳುಗಲಿ, ದಾಯಾದಿಯ ಬೆಳೆ ಕೆಡಲಿ ಎಂದು ಮನಸ್ಸಿನಲ್ಲಿಯೇ ಬಯಸುವುದು ಹಿಟ್ಟಿನ ಕೋಳಿಯ ಬಲಿಯಲ್ಲದೆ ಮತ್ತೇನು?

ಗೃಹಸ್ಥನಿಗೆ ಮುನಿಗಳಂತೆ ಪೂರ್ಣ ಅಹಿಂಸೆ ಸಾಧ್ಯವಿಲ್ಲವೆಂಬುದನ್ನು ಆಚಾರ್ಯರು ಬಲ್ಲರು. ಆದುದರಿಂದಲೇ ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಡುಗೆ, ಕಸಮುಸುರೆ ಮೊದಲಾದ ಮನೆಗೆಲಸದಲ್ಲಿ ಆಗುವುದು ಆರಂಭೀ. ಬೇಸಾಯ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನವರನ್ನೂ ದೇಶವನ್ನೂ ರಕ್ಷಿಸುವಾಗ ಅನಿವಾರ್ಯವಾಗಿ ಒದಗುವುದು ವಿರೋಧೀ. ಮೊದಲನೆಯದನ್ನು ಶ್ರಾವಕನು ಸಂಪೂರ್ಣವಾಗಿ ಬಿಡತಕ್ಕದ್ದು. ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗತಕ್ಕದ್ದು. ಈ ವಿಂಗಡಣೆಯು ತಪ್ಪಿಸಿಕೊಳ್ಳುವ ದಾರಿಯಾಗಬಾರದು. ಉದ್ಯೋಗದಲ್ಲಿ ಹಿಂಸೆ ಅನಿವಾರ್ಯವೆಂದು ಹೇಳಿ ಕೈತೊಳೆದುಕೊಳ್ಳುವವನು ಅದನ್ನು ಕಡಿಮೆ ಮಾಡಬೇಕೆಂಬ ಉತ್ತರಾರ್ಧವನ್ನು ಮರೆಯುತ್ತಾನೆ.

ಮೊದಲಿಗೆ ಮನೆಯನ್ನು ನೋಡೋಣವೆಂದರೆ, ಅಲ್ಲಿ ಶ್ರಾವಿಕೆಯರು ಧರ್ಮವನ್ನು ಬಹುಮಟ್ಟಿಗೆ ಕಾಪಾಡಿಕೊಂಡು ಬಂದಿದ್ದಾರೆ. ನೀರನ್ನು ಬಟ್ಟೆಯಿಂದ ಸೋಸುವುದು, ಹೊತ್ತು ಮುಳುಗುವ ಮುನ್ನ ಊಟ ಮುಗಿಸುವುದು, ಕಾಳನ್ನು ಆರಿಸಿಯೇ ಬೀಸುವುದು ಇವೆಲ್ಲ ಇಂದಿಗೂ ಅನೇಕ ಮನೆಗಳಲ್ಲಿ ನಡೆದಿವೆ. ಹಿಂದಿನ ಹಿರಿಯರು ನೀರು ಸೋಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಗಳನ್ನು ಚೆಲ್ಲದೆ, ಯಾವ ಬಾವಿಯಿಂದ ನೀರು ತಂದರೋ ಅದೇ ಬಾವಿಗೆ ಮೆಲ್ಲನೆ ಮರಳಿಸುತ್ತಿದ್ದರು. ತಾನು ಬದುಕಲು ನೀರು ಬೇಕು; ಆ ನೀರಿನಲ್ಲಿ ಬದುಕುವವಕ್ಕೆ ಅವುಗಳ ಮನೆ ಬೇಕು ಎಂಬ ವಿವೇಕ ಅದರಲ್ಲಿದೆ. ಆದರೆ ಅಡುಗೆಮನೆಯಲ್ಲಿ ಗಡ್ಡೆಗೆಣಸನ್ನು ದೂರವಿಡುವ ಮನೆಯಲ್ಲಿಯೇ ಸೊಸೆಗೆ ಆಡುವ ಮಾತು ಮುಳ್ಳಿನಂತಿದ್ದರೆ, ಕೆಲಸದವಳಿಗೆ ಹಳಸಿದ ಅನ್ನ ಬೀಳುತ್ತಿದ್ದರೆ, ಸೋಸಿದ ನೀರಿನ ಪುಣ್ಯ ಎಲ್ಲಿ ನಿಲ್ಲಬೇಕು?

ಹೊಲದ ಮಾತು ಇನ್ನೂ ದೊಡ್ಡದು. ಉತ್ತರ ಕರ್ನಾಟಕದ ಜೈನರಲ್ಲಿ ಬಹಳಷ್ಟು ಜನ ಒಕ್ಕಲುತನದವರು. ಹತ್ತಿಗೂ ಮೆಣಸಿನಕಾಯಿಗೂ ಔಷಧಿ ಹೊಡೆಯದೆ ಬೆಳೆ ಕೈಗೆ ಬಾರದೆಂಬ ಅವರ ಕಷ್ಟ ನಿಜವಾದುದೇ. ಆದರೂ ಎಚ್ಚರಕ್ಕೆ ಎಡೆಯಿದೆ. ಹೂವಿನ ಕಾಲದಲ್ಲಿ ಜೇನುಹುಳುಗಳು ಹೊಲದಲ್ಲಿರುವ ಹೊತ್ತನ್ನು ಬಿಟ್ಟು ಸಂಜೆಗೆ ಸಿಂಪಡಿಸುವುದು, ಬೇವಿನ ಬೀಜದ ಕಷಾಯದಿಂದ ಆಗುವ ಕೆಲಸಕ್ಕೆ ಕಡುವಿಷವನ್ನು ಬಳಸದಿರುವುದು, ಔಷಧಿಯ ಡಬ್ಬಿಯನ್ನು ಹಳ್ಳದಲ್ಲಿ ತೊಳೆಯದಿರುವುದು, ಸುಗ್ಗಿ ಮುಗಿದ ಮೇಲೆ ಕೂಳೆಗೆ ಬೆಂಕಿಯಿಟ್ಟು ಅದರೊಳಗಿನ ಅಸಂಖ್ಯ ಜೀವಗಳನ್ನು ಸುಡದಿರುವುದು ಇವು ಆಗದ ಮಾತುಗಳಲ್ಲ. ಇದರಿಂದ ಮಣ್ಣಿಗೂ ಒಳಿತು, ಸಿಂಪಡಿಸುವ ಕೂಲಿಕಾರನ ಎದೆಗೂ ಒಳಿತು. ಬಾಯಿಗೆ ಬಟ್ಟೆಯಿಲ್ಲದೆ ಬರಿಗೈಯಿಂದ ವಿಷ ಕಲಸುವ ಕೂಲಿಯವನೂ ಪಂಚೇಂದ್ರಿಯ ಜೀವನೇ ಅಲ್ಲವೆ?

ಇನ್ನು ಅಂಗಡಿ. ಇಲ್ಲಿ ಆಚಾರ್ಯರು ವ್ಯಾಪಾರಿಯ ಮನಸ್ಸನ್ನು ಒಳಹೊಕ್ಕು ನೋಡಿದಂತೆ ಬರೆದಿದ್ದಾರೆ. ತತ್ತ್ವಾರ್ಥಸೂತ್ರದಲ್ಲಿ ಪ್ರತಿಯೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಹೇಳಿದೆ. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದಷ್ಟು ಭಾರ ಹೇರುವುದು, ಹೊತ್ತಿಗೆ ಸರಿಯಾಗಿ ಕೂಳು ನೀರು ಕೊಡದಿರುವುದು ಎಂದು ಇವುಗಳ ಅರ್ಥ. ಎತ್ತಿನ ವಿಷಯದಲ್ಲಿ ಹೇಳಿದ್ದು ಎತ್ತಿಗಷ್ಟೇ ಸೀಮಿತವಲ್ಲ. ಒಂದು ಕ್ವಿಂಟಲ್ ತೂಗುವ ಚೀಲವನ್ನು ಒಬ್ಬನೇ ಹಮಾಲನ ಬೆನ್ನಿಗೆ ಏರಿಸುವುದು ಅತಿಭಾರಾರೋಪಣ. ಗುಮಾಸ್ತನನ್ನು ಊಟದ ಹೊತ್ತು ಮೀರಿದರೂ ಖಾತೆಯ ಮುಂದಿನಿಂದ ಏಳಗೊಡದಿರುವುದು ಅನ್ನಪಾನನಿರೋಧ. ದುಡಿದವನ ಪಗಾರವನ್ನು ನಾಳೆ ಎಂದು ತಳ್ಳುತ್ತ ಹೋಗುವುದೂ ಅವನ ಮಕ್ಕಳ ಅನ್ನವನ್ನು ತಡೆದಂತೆಯೇ.

ಅಚೌರ್ಯವ್ರತದ ಅತಿಚಾರಗಳಲ್ಲಿ ಎರಡು ಪೇಟೆಯವರಿಗೆಂದೇ ಬರೆದಂತಿವೆ. ಹೀನಾಧಿಕಮಾನೋನ್ಮಾನವೆಂದರೆ ಕೊಡುವಾಗ ಒಂದು ತೂಕ, ಕೊಳ್ಳುವಾಗ ಒಂದು ತೂಕ. ಪ್ರತಿರೂಪಕವ್ಯವಹಾರವೆಂದರೆ ಒಳ್ಳೆಯ ಮಾಲಿನಲ್ಲಿ ಅದರಂತೆಯೇ ಕಾಣುವ ಕೆಟ್ಟ ಮಾಲನ್ನು ಬೆರೆಸಿ ಮಾರುವುದು. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರಗಳು ಬರುತ್ತವೆ. ಓದುಬಾರದವನಿಂದ ಬರಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಆಮೇಲೆ ಮೊತ್ತ ತುಂಬುವುದು ಮೊದಲನೆಯದು. ನಂಬಿ ಇಟ್ಟ ಒತ್ತೆಯನ್ನು ಮರೆತ ಹಾಗೆ ನಟಿಸುವುದು ಎರಡನೆಯದು. ರಕ್ತ ಕಾಣುವುದಿಲ್ಲವಾದರೂ ಇವೆಲ್ಲ ಹಿಂಸೆಯೇ. ಒಂದು ವರ್ಷದ ಬೆವರನ್ನು ಚೀಲದಲ್ಲಿ ತುಂಬಿ ತಂದ ರೈತನಿಂದ ತೂಕದಲ್ಲಿ ನಾಲ್ಕು ಸೇರು ಕದ್ದವನು ಅವನ ಆಯುಷ್ಯದ ನಾಲ್ಕು ದಿನಗಳನ್ನು ಕದ್ದಂತಾಯಿತು. ತಕ್ಕಡಿಯ ಮುಳ್ಳು ನೇರವಾಗಿ ನಿಲ್ಲುವ ಅಂಗಡಿಯೂ ಒಂದು ಬಸದಿಯೇ. ಮುಳ್ಳನ್ನು ವಾಲಿಸಿದವನು ಬಸದಿಗೆ ಬಂದು ಕೊಡುವ ದಾನ ಎಷ್ಟೇ ದೊಡ್ಡದಾಗಿರಲಿ, ಅದರ ಲೆಕ್ಕ ಬೇರೆ ಖಾತೆಯಲ್ಲಿ ಬರೆಯಲ್ಪಡುತ್ತದೆ.

ಧರ್ಮಬಂಧುಗಳೇ, ಇಲ್ಲಿಯವರೆಗಿನದು ಕೈಯ ಮತ್ತು ನಾಲಿಗೆಯ ಅಹಿಂಸೆ. ಇನ್ನು ಬುದ್ಧಿಯ ಅಹಿಂಸೆಯಾದ ಅನೇಕಾಂತದ ವಿಚಾರ.

ವಸ್ತುವು ಅನಂತಧರ್ಮಾತ್ಮಕವಾದುದು. ನೋಡುವವನು ಒಂದು ನಯದಿಂದ, ಎಂದರೆ ಒಂದು ದೃಷ್ಟಿಕೋನದಿಂದ, ಅದರ ಒಂದು ಮುಖವನ್ನು ಮಾತ್ರ ಕಾಣಬಲ್ಲನು. ಕಂಡುದು ಸುಳ್ಳಲ್ಲ, ಆದರೆ ಕಂಡುದಷ್ಟೇ ವಸ್ತುವಲ್ಲ. ಆದುದರಿಂದ ಮಾತಿನ ಹಿಂದೆ ‘ಸ್ಯಾತ್’ ಎಂಬ ಪದವನ್ನು ಇಡಬೇಕೆಂದು ಶಾಸ್ತ್ರ ಹೇಳುತ್ತದೆ. ಇದನ್ನು ಸಂಶಯವೆಂದು ತಿಳಿಯಬಾರದು. ಯಾವ ಅಪೇಕ್ಷೆಯಿಂದ ಹೇಳುತ್ತಿರುವೆನೆಂಬುದನ್ನು ನಿಶ್ಚಯಿಸಿಕೊಂಡು ಆಡುವ ಮಾತೇ ಸ್ಯಾದ್ವಾದ. ಒಬ್ಬನೇ ಮನುಷ್ಯನು ತಂದೆಗೆ ಮಗ, ಮಗನಿಗೆ ತಂದೆ, ಸೋದರಳಿಯನಿಗೆ ಮಾವ. ಇವುಗಳಲ್ಲಿ ಯಾವುದು ನಿಜವೆಂದು ಜಗಳವಾಡುವವರುಂಟೆ?

ಹಾವೇರಿ ಜಿಲ್ಲೆಯ ಜನರಿಗೆ ಮೆಣಸಿನಕಾಯಿಯ ದೃಷ್ಟಾಂತ ಸುಲಭವಾಗಿ ತಿಳಿದೀತು. ಬ್ಯಾಡಗಿ ಮೆಣಸಿನಕಾಯಿ ಒಳ್ಳೆಯದೋ ಅಲ್ಲವೋ? ಕಡುಗೆಂಪು ಬಣ್ಣ ಬೇಕೆಂದು ಬಂದವನಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಆ ಬಣ್ಣದ ಗುಣಕ್ಕಾಗಿಯೇ ಅದರ ಸತ್ತ್ವವನ್ನು ತೆಗೆದು ದೂರದೇಶಗಳಿಗೆ ಕಳುಹಿಸುತ್ತಾರೆ. ಬಾಯಿ ಉರಿಯುವ ಖಾರ ಬೇಕೆಂದು ಬಂದವನಿಗೆ ಅದು ಸಪ್ಪೆ. ಅವನು ಗುಂಟೂರಿನ ಕಾಯಿ ಕೇಳುತ್ತಾನೆ. ಇಬ್ಬರು ಗಿರಾಕಿಗಳ ಮಾತೂ ನಿಜವೇ. ಜಾಣ ವ್ಯಾಪಾರಿಯು ಇಬ್ಬರನ್ನೂ ಜಗಳಕ್ಕೆ ಹಚ್ಚದೆ, ಯಾರಿಗೆ ಏನು ಬೇಕೆಂದು ಕೇಳಿ ತಿಳಿದು ಕೊಡುತ್ತಾನೆ. ಪೇಟೆಯಲ್ಲಿ ದಿನವೂ ನಡೆಸುವ ಈ ಸ್ಯಾದ್ವಾದವನ್ನು ಪಂಚರ ಸಭೆಗೆ ಬಂದಾಗ ಜನ ಏಕೆ ಮರೆಯುತ್ತಾರೋ ತಿಳಿಯದು.

ಇನ್ನೊಂದು ದೃಷ್ಟಾಂತ ಬಂಕಾಪುರದ ಕೋಟೆಯಿಂದಲೇ ದೊರೆಯುತ್ತದೆ. ಆ ಕೋಟೆಯ ಪರಿಸರದಲ್ಲಿ ನವಿಲುಗಳು ಹೇರಳವಾಗಿರುವುದರಿಂದ 2006ರಲ್ಲಿ ಅದನ್ನು ನವಿಲುಧಾಮವೆಂದು ಸರಕಾರ ಘೋಷಿಸಿತು. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯು ನವಿಲು ತಾನಾಗಿ ಉದುರಿಸಿದ ಗರಿಗಳಿಂದಾದುದು. ಕುಳಿತುಕೊಳ್ಳುವ ಸ್ಥಳವನ್ನು ಆ ಮೃದುವಾದ ಗರಿಗಳಿಂದ ಸವರಿ, ಇರುವೆಗೂ ನೋವಾಗದಂತೆ ಮುನಿಗಳು ಕುಳಿತುಕೊಳ್ಳುತ್ತಾರೆ. ಅವರ ದೃಷ್ಟಿಯಿಂದ ನವಿಲು ಸಂಯಮಕ್ಕೆ ಉಪಕರಣ ಕೊಡುವ ಪಕ್ಷಿ. ಬಿತ್ತಿದ ಬೀಜವನ್ನು ನವಿಲು ಹೆಕ್ಕಿಕೊಂಡು ಹೋದ ರೈತನ ದೃಷ್ಟಿಯಿಂದ ಅದು ಬೆಳೆಯ ಶತ್ರು. ಕಾನೂನಿನ ದೃಷ್ಟಿಯಿಂದ ಅದು ರಾಷ್ಟ್ರಪಕ್ಷಿ, ಕೊಂದವನಿಗೆ ಶಿಕ್ಷೆಯುಂಟು. ರೈತನನ್ನು ಪಾಪಿಯೆಂದು ಜರೆಯುವ ಭಕ್ತನೂ, ಭಕ್ತನನ್ನು ಹುಚ್ಚನೆನ್ನುವ ರೈತನೂ ಏಕಾಂತವಾದಿಗಳೇ. ರೈತನ ನಷ್ಟವನ್ನೂ ಪಕ್ಷಿಯ ಪ್ರಾಣವನ್ನೂ ಒಟ್ಟಿಗೆ ನೋಡಿದಾಗ ಮಾತ್ರ, ಬಿತ್ತಿದ ಹೊಲಕ್ಕೆ ಕಾವಲು, ನಷ್ಟಕ್ಕೆ ಪರಿಹಾರ, ವಿಷದ ಕಾಳಿಗೆ ನಿಷೇಧ ಎಂಬ ದಾರಿ ಕಾಣುತ್ತದೆ. ಅನೇಕಾಂತವು ಇಲ್ಲದಿದ್ದರೆ ಅಹಿಂಸೆಗೆ ಕಣ್ಣೇ ಇಲ್ಲ.

ಪೂಜೆಗೆ ಉಡುವ ರೇಷ್ಮೆಯ ವಿಷಯವೂ ಇಂತಹುದೇ. ಒಂದು ಸೀರೆಗೆ ಸಾವಿರಾರು ಗೂಡುಗಳನ್ನು ಬಿಸಿಗೆ ಒಡ್ಡಿ, ಒಳಗಿನ ಜೀವ ಹೊರಬರುವ ಮೊದಲೇ ನೂಲು ತೆಗೆಯುತ್ತಾರೆಂಬುದು ಎಲ್ಲರಿಗೂ ಗೊತ್ತಿದೆ. ಅದನ್ನು ಉಟ್ಟು ಜಿನನ ಮುಂದೆ ನಿಲ್ಲುವುದು ಹೇಗೆಂದು ತರುಣರು ಕೇಳುತ್ತಾರೆ. ಹಿಂದಿನಿಂದ ಬಂದ ಮಡಿಯನ್ನು ಬಿಡುವುದು ಹೇಗೆಂದು ವೃದ್ಧರು ಕೇಳುತ್ತಾರೆ. ವೃದ್ಧರ ಮಾತಿನಲ್ಲಿರುವುದು ಶುದ್ಧತೆಯ ಕಾಳಜಿ; ತರುಣರ ಮಾತಿನಲ್ಲಿರುವುದು ಜೀವದ ಕಾಳಜಿ. ಒಗೆದು ಶುಚಿ ಮಾಡಿದ ಹತ್ತಿಯ ಬಟ್ಟೆಯು ಎರಡೂ ಕಾಳಜಿಗಳಿಗೆ ಉತ್ತರವಾಗಬಲ್ಲದು. ತರುಣನು ಅಜ್ಜಿಯನ್ನು ಹೀಯಾಳಿಸದೆ ಹೇಳಿದರೆ, ಅಜ್ಜಿಯು ಮೊಮ್ಮಗನನ್ನು ಅಧರ್ಮಿಯೆನ್ನದೆ ಕೇಳಿದರೆ, ಹುಳುವೂ ಉಳಿಯುತ್ತದೆ, ಮಡಿಯೂ ಉಳಿಯುತ್ತದೆ.

ಅನೇಕಾಂತವೆಂದರೆ ಎಲ್ಲರೂ ಹೇಳಿದ್ದೆಲ್ಲ ಸರಿಯೆಂದು ತಲೆದೂಗುವುದೆಂದು ಯಾರೂ ಭಾವಿಸಬಾರದು. ಸಮಂತಭದ್ರ, ಅಕಲಂಕರಂತಹ ಆಚಾರ್ಯರು ವಾದದಲ್ಲಿ ವಜ್ರದಂತೆ ಕಠಿಣರಾಗಿದ್ದರು. ಕಳ್ಳತೂಕಕ್ಕೂ ಒಂದು ನಯವಿದೆಯೆಂದು ಸಮರ್ಥಿಸಿಕೊಳ್ಳಲಾಗದು; ಬಲಿಕೊಡುವುದೂ ಒಂದು ದೃಷ್ಟಿಯಿಂದ ಸರಿಯೆನ್ನಲಾಗದು. ತನ್ನ ನಂಬಿಕೆಯಲ್ಲಿ ದೃಢವಾಗಿ ನಿಂತು, ಎದುರಿನವನ ಮಾತಿನಲ್ಲಿರುವ ಸತ್ಯಾಂಶವನ್ನು ಹುಡುಕುವ ಸಹನೆಯೇ ಅನೇಕಾಂತ. ಆದಿಕವಿ ಪಂಪನಲ್ಲಿ ಅದು ಕಾಣುತ್ತದೆ. ವೈದಿಕ ಮನೆತನದಲ್ಲಿ ಹುಟ್ಟಿದ ಅವನ ತಂದೆ ಜಿನಧರ್ಮವನ್ನು ಸ್ವೀಕರಿಸಿದನು; ಆದರೂ ಮನೆತನದ ಹಿಂದಿನ ಗೌರವವನ್ನು ಪಂಪನು ಹಳಿಯಲಿಲ್ಲ. 941ರಲ್ಲಿ ಆದಿಪುರಾಣವನ್ನು ರಚಿಸಿದ ಆ ಜಿನಭಕ್ತನೇ ವ್ಯಾಸರ ಭಾರತವನ್ನೂ ತುಂಬುಗೌರವದಿಂದ ಕನ್ನಡಿಸಿದನು.

ಹೊಸ ಕಾಲದಲ್ಲಿ ಮಹಾತ್ಮಾ ಗಾಂಧಿಯವರ ಜೀವನವು ಇದಕ್ಕೆ ಸಾಕ್ಷಿ. ಅವರು 1891ರಲ್ಲಿ ಇಂಗ್ಲೆಂಡಿನಿಂದ ಮರಳಿದಾಗ ಮುಂಬಯಿಯಲ್ಲಿ ಶ್ರೀಮದ್ ರಾಜಚಂದ್ರರನ್ನು ಕಂಡರು. ರಾಜಚಂದ್ರರು ಮುತ್ತುರತ್ನಗಳ ವ್ಯಾಪಾರಿಗಳು. ಲೆಕ್ಕದ ಪುಸ್ತಕದ ಪಕ್ಕದಲ್ಲಿಯೇ ಧರ್ಮದ ಪುಸ್ತಕವಿರುತ್ತಿತ್ತೆಂದು ಗಾಂಧಿಯವರೇ ಬರೆದಿದ್ದಾರೆ. ದಕ್ಷಿಣ ಆಫ್ರಿಕದಲ್ಲಿ ಅನ್ಯಮತದ ಮಿತ್ರರ ಒತ್ತಾಯದಿಂದ ಮನಸ್ಸು ಡೋಲಾಯಮಾನವಾದಾಗ ಗಾಂಧಿಯವರು ತಮ್ಮ ಸಂದೇಹಗಳನ್ನು ಪತ್ರಮುಖೇನ ಅವರಿಗೆ ಬರೆದರು. ರಾಜಚಂದ್ರರು ಅವರನ್ನು ಜೈನರಾಗೆಂದು ಕರೆಯಲಿಲ್ಲ; ತಾಳ್ಮೆಯಿಂದಿದ್ದು ಸ್ವಧರ್ಮವನ್ನೇ ಆಳವಾಗಿ ಅಭ್ಯಾಸ ಮಾಡಬೇಕೆಂದು ಸಲಹೆ ಕೊಟ್ಟರು. ಅಂಗಡಿಯಲ್ಲಿ ಕುಳಿತ ಒಬ್ಬ ಶ್ರಾವಕನ ಈ ಉದಾರವಾದ ಪತ್ರವ್ಯವಹಾರವು ಲೋಕಕ್ಕೆ ಅಹಿಂಸೆಯ ದಾರಿ ತೋರಿದ ಮಹಾಪುರುಷನನ್ನು ರೂಪಿಸುವಲ್ಲಿ ಪಾಲುಗೊಂಡಿತು.

ಕನ್ನಡನಾಡಿನ ಇತಿಹಾಸದಲ್ಲಿ ಸಹಬಾಳ್ವೆಯ ದೊಡ್ಡ ದಾಖಲೆಯೆಂದರೆ 1368ರ ಬುಕ್ಕರಾಯನ ಶಾಸನ. ಪಂಚಮಹಾವಾದ್ಯ ಮತ್ತು ಕಲಶದ ಹಕ್ಕಿನ ಬಗ್ಗೆ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಹುಟ್ಟಿತು. ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಜೈನರು ಅರಸನಿಗೆ ದೂರಿತ್ತರು. ಬುಕ್ಕರಾಯನು ಇಬ್ಬರ ಮುಖಂಡರನ್ನೂ ಕರೆಯಿಸಿ, ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಎರಡು ದರ್ಶನಗಳಲ್ಲಿ ಭೇದವೆಣಿಸಬಾರದೆಂದೂ, ಜೈನರ ಹಾನಿ ವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ತಿಳಿಯಬೇಕೆಂದೂ ಕಟ್ಟುಮಾಡಿದನು. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣವನ್ನು ಕೊಡುವುದು, ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ರಕ್ಷಣೆಗೆ 20 ಜನ ಕಾವಲುಗಾರರನ್ನು ನೇಮಿಸುವುದು, ಉಳಿದ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂದು ಏರ್ಪಾಟಾಯಿತು. ನಿನ್ನೆಯವರೆಗೆ ಎದುರಾಳಿಯಾಗಿದ್ದವರೇ ಬಸದಿಯ ಕಾವಲಿಗೆ ನಿಂತರು. ಈ ಸಂಪ್ರದಾಯ ಬೇರೆ ರೂಪದಲ್ಲಿ ಧರ್ಮಸ್ಥಳದಲ್ಲಿ ಮುಂದುವರಿದಿದೆ. ಅಲ್ಲಿ ದೇವರು ಮಂಜುನಾಥಸ್ವಾಮಿ, ಅರ್ಚಕರು ವೈಷ್ಣವರು, ಧರ್ಮಾಧಿಕಾರಿಗಳು ಜೈನರು. 1933ರಿಂದ ಸರ್ವಧರ್ಮ ಸಮ್ಮೇಳನ ನಡೆಯುತ್ತಿರುವ ಆ ಕ್ಷೇತ್ರದಲ್ಲಿಯೇ 1982ರಲ್ಲಿ ಬಾಹುಬಲಿಯ ಪ್ರತಿಷ್ಠೆಯೂ ಆಯಿತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನೋವಿನ ಮಾತನ್ನು ಬಿಡುವಂತಿಲ್ಲ. ಅಂದು ವಾದ್ಯಕ್ಕೂ ಕಲಶಕ್ಕೂ ಎರಡು ಮತಗಳ ನಡುವೆ ಕಲಹವಾಯಿತು. ಇಂದು ಒಂದೇ ಬಸದಿಯ ಶ್ರಾವಕರ ನಡುವೆ ಕಲಶಕ್ಕಾಗಿ ಮನಸ್ತಾಪವಾಗುವುದನ್ನು ಅನೇಕ ಊರುಗಳಲ್ಲಿ ಕಾಣಬಹುದು. ಪ್ರಥಮ ಅಭಿಷೇಕದ ಸವಾಲಿನಲ್ಲಿ ಸೋತವನು ಗೆದ್ದವನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಶಿಲಾಫಲಕದ ಮೇಲೆ ಯಾರ ಹೆಸರು ಮೇಲಿರಬೇಕೆಂಬ ವಾದದಲ್ಲಿ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ದಿಗಂಬರ-ಶ್ವೇತಾಂಬರರೆಂದು, ಆ ಪಂಥ ಈ ಪಂಥವೆಂದು, ಪೂಜಾವಿಧಿಯ ಒಂದು ಸಣ್ಣ ವ್ಯತ್ಯಾಸಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವವರೂ ಇದ್ದಾರೆ. ಸವಾಲಿನ ಹಣದಿಂದ ಧರ್ಮಕಾರ್ಯ ನಡೆಯುತ್ತದೆ, ಅದು ಬೇಡವೆಂದು ಹೇಳಲಾಗದು. ಆದರೆ ಹಣ ಕೊಡಲಾರದ ವಿಧವೆಯ, ಕೂಲಿ ಮಾಡುವ ಬಡ ಶ್ರಾವಕನ ಕೈಗೂ ಒಂದು ಕಲಶ ಬರುವ ವ್ಯವಸ್ಥೆಯನ್ನು ಪಂಚರು ಮಾಡಿದರೆ, ಕೊಟ್ಟವನ ದಾನಕ್ಕೂ ಶೋಭೆ ಬರುತ್ತದೆ. ಇರುವೆಯನ್ನು ತುಳಿಯದೆ ನಡೆದುಬಂದು ಸಾಧರ್ಮಿಯ ಮನಸ್ಸನ್ನು ತುಳಿದು ಹೋದರೆ ಆ ನಡಿಗೆಯಿಂದ ಏನು ಫಲ?

ಈ ಸಂದರ್ಭದಲ್ಲಿ ಭರತ-ಬಾಹುಬಲಿಯರ ಪ್ರಸಂಗವನ್ನು ಸ್ಮರಿಸುವುದು ಉಚಿತ. ಎರಡು ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ಮುಂದೆ ಬಂದು, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯುವುದು ಬೇಡವೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಯುದ್ಧದ ಅಂಚಿನಲ್ಲಿಯೂ ಹಿಂಸೆಯನ್ನು ಕಡಿಮೆ ಮಾಡುವ ದಾರಿಯಿದೆಯೆಂಬುದಕ್ಕೆ ಇದು ನಿದರ್ಶನ. ಬಾಹುಬಲಿಯು ಮೂರರಲ್ಲಿಯೂ ಗೆದ್ದು, ಗೆದ್ದ ಕ್ಷಣದಲ್ಲಿಯೇ ಎಲ್ಲವನ್ನೂ ಬಿಟ್ಟನು. ಮೈಗೆ ಬಳ್ಳಿ ಹಬ್ಬಿತು, ಕಾಲಬಳಿ ಹುತ್ತ ಬೆಳೆಯಿತು. ಒಂದು ವರ್ಷದ ಘೋರ ತಪಸ್ಸಿನ ನಂತರವೂ ಕೇವಲಜ್ಞಾನವಾಗಲಿಲ್ಲ. ಅಣ್ಣನ ವಿಷಯದ ಒಂದು ಸಣ್ಣ ಶಲ್ಯ ಮನಸ್ಸಿನ ಮೂಲೆಯಲ್ಲಿ ಉಳಿದಿತ್ತು. ಭರತಚಕ್ರವರ್ತಿಯೇ ಬಂದು ತಮ್ಮನ ಪಾದಗಳಿಗೆ ನಮಿಸಿದಾಗ ಆ ಮುಳ್ಳು ಕರಗಿ ಜ್ಞಾನಜ್ಯೋತಿ ಬೆಳಗಿತು. ಬಾಹುಬಲಿಯಂತಹ ಮಹಾತಪಸ್ವಿಯನ್ನೇ ತಡೆದು ನಿಲ್ಲಿಸಿದ ಮುಳ್ಳು ಸಾಮಾನ್ಯ ಶ್ರಾವಕನನ್ನು ಬಿಟ್ಟೀತೆ? ದೊಡ್ಡವನಾದ ಭರತನೇ ಮೊದಲು ಬಾಗಿದನೆಂಬುದನ್ನೂ ಹಿರಿಯರು ಮನಗಾಣಬೇಕು.

ಆದುದರಿಂದ ಈ ಪ್ರತಿಷ್ಠಾ ಮಹೋತ್ಸವದ ನೆನಪಿಗಾಗಿ ಪ್ರತಿಯೊಬ್ಬ ಶ್ರಾವಕ-ಶ್ರಾವಿಕೆಯರು ಶಕ್ತ್ಯನುಸಾರ ಕೆಲವು ಸಣ್ಣ ನಿಯಮಗಳನ್ನು ತೆಗೆದುಕೊಳ್ಳುವುದು ಒಳಿತು. ವ್ಯಾಪಾರಿಯು ತನ್ನ ತೂಕವನ್ನು ತಾನೇ ವರ್ಷಕ್ಕೆರಡು ಬಾರಿ ಪರೀಕ್ಷಿಸಿಕೊಳ್ಳಲಿ. ಒಕ್ಕಲಿಗನು ಕೂಳೆಗೆ ಬೆಂಕಿಯಿಡುವುದನ್ನು ನಿಲ್ಲಿಸಲಿ. ಮನೆಯ ಹಿರಿಯರು ದಿನಕ್ಕೊಮ್ಮೆಯಾದರೂ ಕಿರಿಯರ ಮಾತನ್ನು ನಡುವೆ ತಡೆಯದೆ ಪೂರ್ತಿಯಾಗಿ ಕೇಳಲಿ. ಪಂಚರು ಯಾವ ವ್ಯಾಜ್ಯವನ್ನೂ ಎರಡು ಕಡೆಯವರ ಮಾತು ಕೇಳದೆ ತೀರ್ಮಾನಿಸದಿರಲಿ. ವರ್ಷಗಟ್ಟಲೆ ಮಾತು ಬಿಟ್ಟ ಬಂಧುಗಳು ಪರ್ಯುಷಣದ ಕ್ಷಮಾವಣಿಯ ದಿನಕ್ಕಾಗಿ ಕಾಯದೆ, ಈ ಮಂಟಪದಿಂದ ಇಳಿಯುವಾಗಲೇ ಪರಸ್ಪರ ಕೈಮುಗಿಯಲಿ. ಆ ಕೈಗಳು ಕೂಡಿದ ಗಳಿಗೆಯಲ್ಲಿ ಬಿಂಬದ ಪ್ರತಿಷ್ಠೆ ಅಂತರಂಗದಲ್ಲಿಯೂ ಆರಂಭವಾದಂತೆ.

ಜಿನಶಾಸನವು ಅಭಿವೃದ್ಧಿಯಾಗಲಿ. ಊರಿಗೆ ಸುಭಿಕ್ಷವಾಗಲಿ. ಸಕಲ ಜೀವರಾಶಿಗಳಿಗೂ ಸುಖವಾಗಲಿ.

ಜಯ ಜಿನೇಂದ್ರ.